ಅಲುಗಾಡಬ್ಯಾಡ ರಾಜಾ

ನನ್ನ ಅತ್ತೆ ಬೋರವ್ವನಿಗೆ ನನ್ನ ರೋಗದ ಮೇಲೆ ನಂಬಿಕೆಯೇ ಇರಲಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಅಂದರೆ ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಹಾಳಾಗುವುದು ಎಂದು ಡಾಕ್ಟರು ವಿವರಿಸಿದ್ದರು. ಆದರೂ ನಾನು ಕಾಲು ಜೋಮು ಹಿಡಿದಿದೆ ಎಂದಾಗಲೆಲ್ಲ ಅವರದು ಒಂದೇ ಮಾತು: “ನಮಗೂ ಹಿಡಿತೈತಿ. ಝಾಡಿಸಿ ಏಳು.” ಅದನ್ನು ಕೇಳಿ ಸಿಟ್ಟಿನಿಂದ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ವರ್ಷದ ಸ್ಕ್ಯಾನಿಗೆ ಮಾತ್ರ ಹುನಗುಂದದಿಂದ ಬಾಗಲಕೋಟೆಗೆ ನನ್ನ ಮತ್ತು ನನ್ನ ಗಂಡನ ಜೊತೆ ಅವರೂ ಹೊರಟರು. ಮೆದುಳಿನಲ್ಲಿ ಹೊಸ ಕಲೆ ಕಾಣದಿದ್ದರೆ ಮಗುವಿನ ವಿಚಾರ ಮಾಡಬಹುದು ಎಂದು ಡಾಕ್ಟರು ಹೇಳಿದ್ದರಲ್ಲ!

“ತಾಳಿ, ಕಾಲುಂಗುರ ತಗೀರಿ. ಒಳಗ ಲೋಹ ನಡ್ಯಂಗಿಲ್ಲ” ಎಂದಳು ಸ್ಕ್ಯಾನ್ ತೆಗೆಯುವ ಸುರೇಖಾ.

“ತಾಳಿ ತಗದ್ರ ನನ್ನ ಮಗಗ ಏನರ ಆದ್ರ?” ಅತ್ತೆ ದನಿ ಏರಿಸಿದರು. ಕೊನೆಗೆ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು, ಮಗನನ್ನು ಬೆಂಚಿನ ಮೇಲೆ ಕೂರಿಸಿದರು. “ಇದು ಅಕಿ ಕೊಳ್ಳಾಗ ಬೀಳೂತನಾ ಅಲುಗಾಡಬ್ಯಾಡ ರಾಜಾ. ಚಾನೂ ಕುಡಿಬ್ಯಾಡ.”

“ಚಾ ಕುಡದ್ರ ಸಾಯ್ತಾರೇನಬೇ?” ಎಂದ ನನ್ನ ಗಂಡ ರಾಜಕುಮಾರ.

“ನೆತ್ತಿಗೇರ್ತೈತಿ. ಕುಂದ್ರು.”

ಒಳಗೆ ಸುರೇಖಾ ನನಗೂ ಅಲುಗಾಡಬೇಡಿ ಎಂದೇ ಹೇಳಿದಳು. ಯಂತ್ರ ಹೊರಗೂ ಕೇಳುವಂತೆ ಗಡಗಡ ಎನ್ನತೊಡಗಿತು. ಊಟಕ್ಕೂ ನೆಟ್ಟಗೆ ಕೂರದ ನನ್ನ ಗಂಡ ಹೊರಗೆ ಗೊಂಬೆಯಂತೆ ಕುಳಿತಿರುವುದು ನೆನಪಾಗಿ ನಗು ತಡೆಯಲಾಗಲಿಲ್ಲ. ತಲೆ ಅಲುಗಿ ಚಿತ್ರ ಕೆಟ್ಟಿತು.

ಮತ್ತೊಮ್ಮೆ ತೆಗೆಯಬೇಕು ಎಂದು ಸುರೇಖಾ ಬಾಗಿಲು ತೆರೆದು ಹೇಳಿದ್ದೇ ತಡ, ಅತ್ತೆ ಮಗನ ಮೇಲೆ ಹರಿಹಾಯ್ದರು. “ನೀ ಅಲುಗಾಡಿದಿ, ಅಕಿ ಫೋಟೋ ಕೆಟ್ಟಿತು! ಪಾಪ, ಆ ಗದ್ದಲದಾಗ ಮತ್ತ ಮಲಗಬೇಕು ಅಕಿ. ಇನ್ನ ರೆಪ್ಪಿ ಬಡದಿ ಅಂದ್ರ ನೋಡು!”

ನನ್ನ ನಗು ಹಾರಿಹೋಯಿತು. ಅತ್ತೆ ನನಗೆ ಪಾಪ ಅಂದದ್ದು ಅದೇ ಮೊದಲು. ಅಳು ಬಂದರೂ ನುಂಗಿಕೊಂಡು ಮಲಗಿದೆ.

ಹೊರಗೆ ಬಂದಾಗ ಅತ್ತೆ ತಾಳಿ ಕೊಟ್ಟರು. ಆದರೆ ಬೆಂಚು ಬಿಡಲಿಲ್ಲ. “ಡಾಕ್ಟರ್ ಹೇಳೂತನಾ ನಾವಿಬ್ಬರೂ ಏಳಂಗಿಲ್ಲ” ಎಂದು ಮಗನ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತರು.

ಡಾಕ್ಟರು ಹೋದ ವರ್ಷದ ಚಿತ್ರವನ್ನೂ ಈ ವರ್ಷದ್ದನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಹೊಸ ಕಲೆ ಒಂದೂ ಇರಲಿಲ್ಲ.

ನಾನು ಬಂದು ಹೇಳಿದೆನೋ ಇಲ್ಲವೋ, ರಾಜಕುಮಾರ ಶೌಚಾಲಯಕ್ಕೆ ಓಡಿದ. ಅತ್ತೆ ಏಳಲು ಹೋಗಿ ದೊಪ್ಪನೆ ಕುಳಿತರು. “ಅಯ್ಯ, ಕಾಲು ಎಲ್ಲೈತೋ ಗೊತ್ತಾಗವಲ್ದು!”

“ಝಾಡಿಸಿ ಏಳ್ರಿ ಅತ್ತಿ” ಎಂದೆ. ಬಿಡುತ್ತೇನೆಯೇ!

ಝಾಡಿಸಿದರು. ಏಳಲಾಗಲಿಲ್ಲ. ನನ್ನ ಮುಖ ನೋಡಿದರು. “ನಿನಗ ರೊಟ್ಟಿ ಬಡಿಯೂಮುಂದೂ ಹಿಂಗ ಇರ್ತೈತೇನು?”

“ಹೂಂರಿ.”

ಅತ್ತೆ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಅಷ್ಟರಲ್ಲಿ ಮರಳಿ ಬಂದ ಮಗನಿಗೆ, “ಇಬ್ಬರಿಗೂ ಚಾ ತಗೊಂಬಾ ರಾಜಾ. ನಮಗ ಏಳಾಕ ಆಗಂಗಿಲ್ಲ” ಎಂದರು.