ದೊಡ್ಡಬಸಪ್ಪನ ಬಟ್ಟಲು

ಕುರುಗೋಡು ಗುಡ್ಡದ ಹಿಂದಿರುವ ನಮ್ಮೂರಿಗೆ ಕಾಲುವೆ ನೀರು ಹತ್ತುವುದಿಲ್ಲ. ಗುಡ್ಡದ ಮೇಲೆ ಬೀಳುವ ಮಳೆಯೇ ಗತಿ. ಆ ಮಳೆಯೂ ಈಗ ತಿಂಗಳುಗಟ್ಟಲೆ ಕಾಯಿಸಿ, ಎರಡೇ ದಿನ ಸುರಿದು ಹೋಗಿಬಿಡುತ್ತದೆ. ಅದಕ್ಕೇ ಊರವರೆಲ್ಲ ಸೇರಿ ಇಳಿಜಾರಿಗೆ ಕಲ್ಲಿನ ಒಡ್ಡು ಹಾಕಿದೆವು, ಕೆರೆಗೊಂದು ಸಂಘ ಕಟ್ಟಿದೆವು. ನೀರು ಹಂಚುವುದು ಮಾತ್ರ ಹಳೆಯ ಪದ್ಧತಿಯಲ್ಲೇ. ತಳದಲ್ಲಿ ಸಣ್ಣ ತೂತಿರುವ ಹಿತ್ತಾಳೆ ಬಟ್ಟಲನ್ನು ನೀರಿನ ಹಂಡೆಯಲ್ಲಿ ತೇಲಿಬಿಡುತ್ತೇವೆ. ಅದು ತುಂಬಿ ಮುಳುಗುವುದಕ್ಕೆ ಇಪ್ಪತ್ತನಾಲ್ಕು ನಿಮಿಷ. ಎಕರೆಗೆ ಆರು ಬಟ್ಟಲು ಮುಳುಗುವಷ್ಟು ಹೊತ್ತು ತೂಬಿನ ನೀರು. ಎಲ್ಲರ ಜೇಬಿನಲ್ಲೂ ಮೊಬೈಲಿದೆ, ಆದರೆ ಕೆರೆ ಏರಿಯ ಮೇಲೆ ಗಡಿಯಾರ ನೋಡಿದರೆ ಬಟ್ಟಲಿಗೆ ಅವಮಾನವೆಂದು ನಮ್ಮವರು ನಂಬಿದ್ದಾರೆ.

ಹನ್ನೆರಡು ವರ್ಷ ಆ ಬಟ್ಟಲು ಹಿಡಿದವನು ದೊಡ್ಡಬಸಪ್ಪ. ಅಷ್ಟೂ ವರ್ಷ ಕೊನೆಯ ಹೊಲದ ಇಮಾಂಬೀಗೆ ನೀರು ಸಾಲಲಿಲ್ಲ. ನಾನು ಕಾಲು ಮುರಿದು ಮಲಗಿದ್ದಾಗ ನಲವತ್ತು ದಿನ ಬಂದು ನನ್ನ ತಲೆ ಬಾಚಿದವಳು ಈ ಇಮಾಂಬೀ. ಎರಡು ವರ್ಷದ ಹಿಂದೆ ಅವಳ ಮೆಣಸಿನಗಿಡವೆಲ್ಲ ಹೂವಿನಲ್ಲೇ ಒಣಗಿತು. ಕೇಳಲು ಹೋದಾಗ ದೊಡ್ಡಬಸಪ್ಪ ಎಲ್ಲರೆದುರು ನಕ್ಕ.

"ನಿನ್ನ ಹೊಲದ ಹೊಟ್ಟಿ ದೊಡ್ಡದೈತಿ ಬೇ, ನಾನೇನ್ ಮಾಡ್ಲಿ?"

ಅವಳು ಸಿರುಗುಪ್ಪದ ಅಕ್ಕಿ ಮಿಲ್ಲಿಗೆ ಕಸ ಗುಡಿಸಲು ಹೋದಳು.

ಮರುವರ್ಷ ಸಂಘದವರು, ಟೀಚರಾಗಿದ್ದವಳೆಂದು, ಬಟ್ಟಲನ್ನು ನನಗೆ ಒಪ್ಪಿಸಿದರು. ಹಳೆಯದು ಕೆರೆಗೆ ಬಿತ್ತೆಂದು ಹೇಳಿ ದೊಡ್ಡಬಸಪ್ಪ ಬೇರೊಂದನ್ನು ಕೊಟ್ಟ. ಈ ಬೇಸಿಗೆಯಲ್ಲಿ ಹೂಳು ತೆಗೆಯುವಾಗ ಹಳೆಯದು ತೂಬಿನ ಬಳಿ ಸಿಕ್ಕಿತು. ತೂಬು ತೆಗೆದು ಮುಚ್ಚುವ ನೀರಗಂಟಿ ಪಂಪಣ್ಣ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಬೆಳಗಿಸಿ ತಂದುಕೊಟ್ಟ. ಅಡುಗೆಮನೆಯ ಬಕೆಟ್ಟಿನಲ್ಲಿ ಮೂರು ಸಲ ತೇಲಿಬಿಟ್ಟು ಗಡಿಯಾರ ನೋಡಿದೆ. ಮೂರು ಸಲವೂ ಹದಿನಾರೇ ನಿಮಿಷ. ಅವನು ಕೊಟ್ಟ ಬಟ್ಟಲು ಸರಿಯಾಗಿ ಇಪ್ಪತ್ತನಾಲ್ಕಕ್ಕೆ ಮುಳುಗಿತು. ಹಳೆಯದರ ತೂತಿನ ಅಂಚಿನಲ್ಲಿ ಅರದಿಂದ ಉಜ್ಜಿ ಹಿಗ್ಗಿಸಿದ ಗೀರು. ದೊಡ್ಡಬಸಪ್ಪ ತನ್ನ ಸರದಿಗೆ ಮಾತ್ರ, ಪೂಜೆ ಮಾಡಿದ್ದೆಂದು, ಮನೆಯಿಂದ ಬಟ್ಟೆ ಸುತ್ತಿ ಬೇರೆ ಬಟ್ಟಲು ತರುತ್ತಿದ್ದದ್ದು ಆಗ ನೆನಪಾಯಿತು.

ಸಭೆ ಕರೆಯಬಹುದಿತ್ತು. ಕರೆದಿದ್ದರೆ ದಂಡ ಕಟ್ಟಿ ಮೀಸೆ ತಿರುವಿಕೊಂಡು ಹೋಗುತ್ತಿದ್ದ. ನನಗೆ ಅವನ ಗಿಡ ಒಣಗುವುದನ್ನು ನೋಡಬೇಕಿತ್ತು. ಈ ಸಲ ನೀರು ಸಾಲುತ್ತದೆ, ಬಾ ಎಂದು ಇಮಾಂಬೀಗೆ ಹೇಳಿಕಳಿಸಿದೆ. ನನ್ನ ಮಾತು ನಂಬಿ ಬಂದು ಮತ್ತೆ ಮೆಣಸಿನ ಸಸಿ ನೆಟ್ಟಳು.

ಗಿಡಗಳು ಹೂವಿಗೆ ಬಂದಾಗ ಎಲ್ಲರಿಗೂ ಸರಿಯಾದ ಬಟ್ಟಲಿಟ್ಟೆ. ದೊಡ್ಡಬಸಪ್ಪನ ಎರಡೆಕರೆಯ ಸರದಿ ಬಂದಾಗ ಹಳೆಯದನ್ನು ತೇಲಿಬಿಟ್ಟೆ. ಅವನು ಹಂಡೆಯೊಳಗೆ ಒಮ್ಮೆ ಇಣುಕಿದ. ಮುಖದ ಬಣ್ಣ ಹೋಯಿತು. ಬಾಯಿ ಬಿಟ್ಟರೆ ತಾನೇ ಸಿಕ್ಕಿಬೀಳುವುದು ಅವನಿಗೆ ಗೊತ್ತಿತ್ತು; ಸುಮ್ಮನೆ ಕುಳಿತ. ಅವನ ಹೆಂಡತಿ ಅಂಬಮ್ಮ ಎಂದಿನಂತೆ ನನಗೆ ಮಜ್ಜಿಗೆ ತಂದಳು. ಕಲ್ಲು ಕಾದಿದೆಯೆಂದು ತನ್ನ ತಲೆಯ ಸಿಂಬಿ ಬಿಚ್ಚಿ ನನಗೆ ಹಾಸಿಕೊಟ್ಟಳು. ಅದರ ಮೇಲೆ ಕುಳಿತು ಮಜ್ಜಿಗೆ ಕುಡಿಯುತ್ತ ಬಟ್ಟಲು ಮುಳುಗುವುದನ್ನು ನೋಡಿದೆ.

ಹತ್ತು ದಿನದ ಮೇಲೆ ಎರಡನೆಯ ಸರದಿಯೂ ಹಾಗೆಯೇ ಮುಗಿಯಿತು. ಮೂರನೆಯದು ಬರುವಷ್ಟರಲ್ಲಿ ಅವನ ಹೊಲದ ತುದಿಯ ಸಾಲುಗಳಲ್ಲಿ ಹೂವು ಉದುರುತ್ತಿತ್ತು. ಎಂಟನೆಯ ಬಟ್ಟಲು ಮುಳುಗಿದಾಗ ಅವನಿಂದ ತಡೆಯಲಾಗಲಿಲ್ಲ.

"ಟೀಚರಮ್ಮ, ಇದು ಬ್ಯಾಡ್ರಿ. ಬ್ಯಾರೇ ಬಟ್ಟಲ ಇಡ್ರಿ."

"ಯಾಕಪ್ಪ?"

"ಅದರ ತೂತು ದೊಡ್ಡದೈತಿ."

ಏರಿಯ ಮೇಲೆ ಹತ್ತು ಹನ್ನೆರಡು ಜನರಿದ್ದರು. ತರಗತಿಯಲ್ಲಿ ಮಕ್ಕಳನ್ನು ಕೇಳುತ್ತಿದ್ದಂತೆ ಮೆಲ್ಲಗೆ ಕೇಳಿದೆ.

"ನಿನಗ ಹೆಂಗ ಗೊತ್ತು, ಬಸಪ್ಪ?"

ಮನೆಯಲ್ಲಿ ಗಡಿಯಾರ ಹಿಡಿದು ನೋಡಿದ್ದನ್ನೂ ಅರದ ಗೀರನ್ನೂ ನಾನು ಎಲ್ಲರಿಗೂ ಹೇಳಿದೆ. ಪಂಪಣ್ಣ ತೂಬಿನ ಸಲಾಕೆ ಕೆಳಗಿಟ್ಟ. ಅಂಬಮ್ಮ ಗಂಡನನ್ನೇ ನೋಡುತ್ತಿದ್ದಳು. ಇಮಾಂಬೀ ಎದ್ದು ಬಂದು ಬಟ್ಟಲನ್ನು ನೀರಿನಿಂದೆತ್ತಿ, ಅದರ ತೂತಿಗೆ ಕಣ್ಣಿಟ್ಟು ಅವನತ್ತ ತಿರುಗಿದಳು.

"ಹೌದಲ್ಲೋ ಬಸಣ್ಣ, ನೀ ಪೂರಾ ಕಾಣಾಕತ್ತಿ."

ಯಾರೂ ನಗಲಿಲ್ಲ. ಅವನಿಗೆ ಇನ್ನೂ ನಾಲ್ಕು ಬಟ್ಟಲು ನೀರು ಬರಬೇಕಿತ್ತು. ಸರಿಯಾದ ಬಟ್ಟಲು ನನ್ನ ಮಡಿಲಲ್ಲೇ ಇತ್ತು. ಇಮಾಂಬೀಯ ಕೈಯಿಂದ ಹಳೆಯದನ್ನು ಇಸಿದುಕೊಂಡು ಮತ್ತೆ ತೇಲಿಬಿಟ್ಟೆ. ಯಾರೂ ಬೇಡವೆನ್ನಲಿಲ್ಲ, ಅಂಬಮ್ಮ ಕೂಡ.