ಎರಡು ಕೈಯ ಗುಂಡಿ

ಡಬ್ಬಿ ಮುಚ್ಚಳದ ಕಾರ್ಖಾನೆ ಮುಚ್ಚಿ ಹನ್ನೊಂದು ವರ್ಷವಾಯಿತು. ಈಗಲೂ ಬೆಳಗ್ಗೆ ಎಂಟಾದರೆ ಅಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಫಿಟ್ಟರಣ್ಣನ ಕಿವಿ ತಾನಾಗಿ ನಿಮಿರುತ್ತದೆ. ತಗಡು ಒತ್ತಿ ಮುಚ್ಚಳ ಮಾಡುವ ಆರು ಪ್ರೆಸ್ಸುಗಳು ಒಂದರ ಹಿಂದೊಂದು ಧಡ್ ಧಡ್ ಎಂದು ಎಚ್ಚರಾಗುತ್ತಿದ್ದ ಹೊತ್ತದು. ಎಣ್ಣೆ ಹತ್ತಿದ ತಗಡಿನ ವಾಸನೆ, ಮೊಳೆಗೆ ನೇತುಹಾಕಿದ ಊಟದ ಚೀಲಗಳು, ಅಷ್ಟು ಸದ್ದಿನಲ್ಲೂ ಹರಟೆ ಬಿಡದ ಹೆಂಗಸರು. ಮೂರನೇ ಪ್ರೆಸ್ಸಿನವಳು ಅವನ ಒಡಹುಟ್ಟಿದ ತಂಗಿ. ಕೈಯಷ್ಟೇ ಬಾಯಿಯೂ ಚುರುಕು.

ಅಂಥ ದಿನಗಳಲ್ಲೇ ಸರ್ಕಾರ ಹೊಸ ಕಾನೂನು ತಂದಿತು. ಪ್ರೆಸ್ಸಿಗೆ ಎರಡು ಗುಂಡಿ ಇರಬೇಕು, ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯಬೇಕು. ಎರಡು ಕೈಯೂ ಗುಂಡಿಯ ಮೇಲಿದ್ದರೆ ಅಚ್ಚಿನಡಿ ಬೆರಳು ಸಿಕ್ಕುವ ಮಾತೇ ಇಲ್ಲ. ಮಾಲೀಕರ ಸಂಘ ಉರಿದುಬಿತ್ತು. ಕೆಲಸ ಅರ್ಧಕ್ಕಿಳಿಯುತ್ತದೆ, ಎಲ್ಲರೂ ಬೀಗ ಹಾಕಿಕೊಂಡು ಹೋಗಬೇಕಾಗುತ್ತದೆ ಎಂದು ಸಭೆಯ ಮೇಲೆ ಸಭೆ. ಕೊನೆಗೆ ಗುಂಡಿಗಳನ್ನೇನೋ ಕೂರಿಸಿದರು. ಆದರೆ ಒಳಗೆ ತಂತಿ ಸೇರಿಸಿಬಿಡಿ, ಒಂದು ಒತ್ತಿದರೆ ಸಾಕಾಗಲಿ, ತಪಾಸಣೆಗೆ ಬಂದಾಗ ಬಿಡಿಸಿದರಾಯಿತು ಎಂದು ಸಂಘದಿಂದ ಗುಟ್ಟಾಗಿ ಮಾತು ಬಂತು.

ಯಜಮಾನರು ಕೆಟ್ಟವರಲ್ಲ. ಫಿಟ್ಟರಣ್ಣ ಜ್ವರ ಹಿಡಿದು ಆಸ್ಪತ್ರೆಯಲ್ಲಿ ಮಲಗಿದ್ದಾಗ ದಿನಾ ಬಂದು ನೋಡಿಕೊಂಡು ಹೋದವರು. ತಂತಿ ಸೇರಿಸು ಎಂದಾಗ ಇಲ್ಲವೆನ್ನಲು ಅವನಿಗೆ ನಾಲಗೆ ಏಳಲಿಲ್ಲ. ಒಂದು ಭಾನುವಾರ ಒಬ್ಬನೇ ಕೂತು ಐದು ಪ್ರೆಸ್ಸುಗಳ ತಂತಿ ಸೇರಿಸಿದ. ಮೂರನೆಯದರ ಪೆಟ್ಟಿಗೆಯನ್ನೂ ತೆರೆದ. ಆಮೇಲೆ ತಂತಿ ಮುಟ್ಟದೆ ಹಾಗೇ ಮುಚ್ಚಿ ಸ್ಕ್ರೂ ಬಿಗಿದ.

ವಾರದೊಳಗೆ ತಂಗಿ ಎಲ್ಲರಿಗಿಂತ ಹಿಂದೆ ಬಿದ್ದಳು. ಅಕ್ಕಪಕ್ಕದವರು ಛೇಡಿಸಿದರೆ ಮನೆಗೆ ಬಂದು, ತನ್ನ ಪ್ರೆಸ್ಸಿಗೆ ಮಾತ್ರ ಯಾಕೆ ಎರಡೂ ಗುಂಡಿ ಒತ್ತಬೇಕು ಎಂದು ಅಣ್ಣನ ಪ್ರಾಣ ತಿನ್ನುತ್ತಿದ್ದಳು. ಕೊನೆಗೆ ಯಜಮಾನರೇ ಅವನನ್ನು ಕರೆಸಿದರು.

“ಮೂರನೇದು ಯಾಕಪ್ಪಾ ಕುಂಟ್ತಾ ಇದೆ?”

“ಅದರ ತಂತಿ ಸೇರ್ಸಿಲ್ಲ, ಯಜಮಾನ್ರೇ.”

“ಯಾಕೆ?”

“ಅಲ್ಲಿ ನನ್ನ ತಂಗಿ ಕೂರ್ತಾಳೆ.”

ಆಡಿದ ಮೇಲೆ ಅವನಿಗೇ ನಾಚಿಕೆಯಾಯಿತು. ಉಳಿದ ಐವರು ಯಾರಿಗೂ ಏನೂ ಅಲ್ಲದವರೇ?

ಯಜಮಾನರು ಬೈಯಲಿಲ್ಲ. ಎದ್ದು ಹೋಗಿ ಮೊದಲನೇ ಪ್ರೆಸ್ಸಿನವಳನ್ನು ಏಳಿಸಿ ತಾವೇ ಕೂತರು. ಎಡಗೈಯಲ್ಲಿ ತಗಡು ಹಿಡಿದು ಅಚ್ಚಿನಡಿ ಇಟ್ಟರು, ಬಲಗೈ ಗುಂಡಿಯ ಮೇಲೆ. ಒತ್ತಲಿಲ್ಲ. ಎಡಗೈ ಹಿಂದೆಳೆದುಕೊಂಡು ಮತ್ತೆ ಇಟ್ಟರು, ಮತ್ತೆ ಎಳೆದುಕೊಂಡರು. ಅಷ್ಟರಲ್ಲಿ ಇಡೀ ಷೆಡ್ಡು ಕೆಲಸ ನಿಲ್ಲಿಸಿ ನೋಡುತ್ತಿತ್ತು. ಅವರು ತಗಡು ಕೆಳಗಿಟ್ಟು ಎದ್ದರು.

“ಎಲ್ಲಾ ಬಿಡಿಸಿಬಿಡು,” ಎಂದರು. “ಸಂಘಕ್ಕೆ ನಾನು ಹೇಳ್ಕೋತೀನಿ.”

ಸಂಘದವರು ಕೇಳಿಸಿಕೊಳ್ಳಲಿಲ್ಲ, ಯಜಮಾನರನ್ನೇ ದೂರವಿಟ್ಟರು. ಎರಡು ತಿಂಗಳು ಕೆಲಸ ನಿಧಾನವಾಗಿದ್ದೂ ನಿಜ. ಮೂರನೇ ತಿಂಗಳಿಗೆ ಎರಡು ಕೈಯ ಲಯ ಎಲ್ಲರಿಗೂ ಕೂಡಿಬಂತು. ಮೊದಲಿಂದಲೂ ಹಾಗೇ ಒತ್ತಿ ಪಳಗಿದ್ದ ತಂಗಿ ಎಲ್ಲರಿಗಿಂತ ಮುಂದಾದಳು, ಅದನ್ನು ತನ್ನ ಜಾಣತನವೆಂದೇ ಹೇಳಿಕೊಂಡು ತಿರುಗಿದಳು.

ಸಂಘದವರ ಜೊತೆ ಮಾಡುತ್ತಿದ್ದ ಊಟ ತಪ್ಪಿದ ಯಜಮಾನರು ಆಮೇಲೆ ಮಧ್ಯಾಹ್ನ ತಮ್ಮ ಡಬ್ಬಿ ಹಿಡಿದು ಷೆಡ್ಡಿಗೇ ಬರತೊಡಗಿದರು. ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂತು ಹಳೇ ನಗೆಹನಿ ಹೇಳುವರು, ಅದು ಮುಗಿಯುವ ಮೊದಲೇ ಹೆಂಗಸರು ನಕ್ಕುಬಿಡುವರು, ಇವರು ಪೆಚ್ಚಾಗಿ ಇನ್ನೊಂದು ಶುರುಮಾಡುವರು. ಅವರು ತೀರಿಕೊಂಡು ಬಹಳ ಕಾಲವಾಯಿತು. ಅಂಥ ಒಂದು ಮಧ್ಯಾಹ್ನದ ಊಟ ಇನ್ನೊಮ್ಮೆ ಸಿಕ್ಕಿದ್ದರೆ ಎಂದು ಫಿಟ್ಟರಣ್ಣನಿಗೆ ಈಗಲೂ ಅನಿಸುತ್ತದೆ.