ಕಾಲು ತಾಗಿದರೆ

ನನಗೆ ಬೇಕಾಗಿದ್ದು ಒಂದು ತಾಸು. ಹುಮನಾಬಾದಿನ ಔಷಧ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿ ದಿನವಿಡೀ ನಿಂತು, ಬಸ್ಸಿನಲ್ಲೂ ನಿಂತು ಬಸವಕಲ್ಯಾಣಕ್ಕೆ ಬಂದ ಮೇಲೆ, ಒಲೆ ಹಚ್ಚುವ ಮುಂಚೆ ಒಂದೇ ಒಂದು ತಾಸು ಯಾರೂ ನನ್ನ ಹೆಸರು ಹಿಡಿದು ಕರೆಯಬಾರದು. ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಸುಮ್ಮನೆ ಕೂತಿರಬೇಕು. ಇಷ್ಟೇ ನನ್ನ ಆಸೆ.

ಹಾಗಾಗಿ ಡಾಕ್ಟರು ನನ್ನ ಗಂಡನಿಗೆ ಶುಗರ್ ಇದೆ, ದಿನಾ ಸಂಜೆ ಮೈ ಬೆವರುವಂಥದ್ದು ಏನಾದರೂ ಮಾಡಬೇಕು ಅಂದಾಗ, ದೇವರಾಣೆ, ನನಗೆ ಒಳಗೊಳಗೇ ಖುಷಿಯಾಯಿತು. ಕೋಟೆ ರಸ್ತೆಯ ಹಳೇ ಗೋದಾಮಿನಲ್ಲಿ ಫರ್ಹೀನ್ ಅನ್ನುವ ಹುಡುಗಿ ಸಂಜೆ ಹೊತ್ತು ಕಿಕ್‌ಬಾಕ್ಸಿಂಗ್ ಕಲಿಸುತ್ತಾಳೆ. ನಾನೇ ಹೋಗಿ ಇವರ ಹೆಸರು ಹಚ್ಚಿ ಬಂದೆ.

ಇವರು, ಅಂದರೆ ಪಂಡರಿ, ಬೀಜ ಗೊಬ್ಬರದ ಅಂಗಡಿಯಲ್ಲಿ ಕುರ್ಚಿ ಬಿಟ್ಟು ಏಳದ ಮನುಷ್ಯ. ಕೆಟ್ಟವರಲ್ಲ. ಕುಡಿಯುವುದಿಲ್ಲ, ಒಂದು ದಿನವೂ ಕೈ ಎತ್ತಿದವರಲ್ಲ. ಆದರೆ ನೀರು ಕೈಗೆ ಬರಬೇಕು, ಟವೆಲ್ಲು ಕೈಗೆ ಬರಬೇಕು, ಅಡುಗೆಮನೆ ಯಾವ ದಿಕ್ಕಿಗಿದೆ ಅನ್ನುವುದೂ ಗೊತ್ತಿಲ್ಲ. ಪಂಡರಿಗೆ ರುಕ್ಮಿಣಿಬಾಯಿ ಸಿಕ್ಕಳು, ಹೆಸರೇ ಕೂಡಿ ಬಂತು ಅಂತ ಮದುವೆಯಲ್ಲಿ ಎಲ್ಲರಿಗೂ ಭಾರೀ ಸಂಭ್ರಮ. ಪಂಢರಪುರದ ರುಕ್ಮಿಣಿ ಗಂಡನ ಮೇಲೆ ಸಿಟ್ಟು ಮಾಡಿಕೊಂಡು ಬೇರೆ ಗುಡಿಯಲ್ಲಿ ನಿಂತಿದ್ದಾಳೆ ಅನ್ನುವುದು ಆವತ್ತು ಯಾರಿಗೂ ನೆನಪಾಗಲಿಲ್ಲ.

"ನಾ ಒಬ್ಬಾಂವನ ಹೋಗಂಗಿಲ್ಲ. ನೀನೂ ಬಾ," ಅಂದರು ಇವರು, ಕ್ಲಾಸಿನ ಸುದ್ದಿ ಕೇಳಿ.

"ನನಗ ಶುಗರ್ ಇಲ್ರೀ."

"ಇಲ್ಲಂದ್ರ ಏನಾತು? ನೀ ಬರಲಿಲ್ಲಂದ್ರ ನಾನೂ ಮನ್ಯಾಗ ಕೂಡತೀನಿ."

ಇವರು ಮನೆಯಲ್ಲಿ ಕೂತರೆ ನನ್ನ ತಾಸು ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಒಂದು ದಿನ ಜೊತೆಗೆ ಹೋಗಿ ರೂಢಿ ಮಾಡಿಸಿದರೆ ಮುಂದೆ ತಾವೇ ಹೋಗುತ್ತಾರೆ ಅಂದುಕೊಂಡು, ಮಗಳು ಬಿಟ್ಟುಹೋದ ಹಳೇ ಚೂಡಿದಾರ ಹಾಕಿಕೊಂಡು ಹೊರಟೆ.

ಗೋದಾಮಿನಲ್ಲಿ ಇನ್ನೂ ತೊಗರಿಯ ಧೂಳಿನ ವಾಸನೆ ಇತ್ತು. ಫರ್ಹೀನ್ ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿದ್ದಳು. ಮೊದಲು ಕುಣಿಸಿದಳು, ಆಮೇಲೆ ಎರಡೂ ಮುಷ್ಟಿ ಗಲ್ಲದ ಹತ್ತಿರ ಹಿಡಿದು ನಿಲ್ಲುವುದನ್ನು ಕಲಿಸಿದಳು. ನನ್ನ ಮೊಣಕಾಲು ಲಟಲಟ ಅಂದವು. ನಿಂತು ನಿಂತು ಬಾತ ಪಾದಕ್ಕೆ ಮ್ಯಾಟು ತಣ್ಣಗೆ ಹತ್ತಿತು; ಅಲ್ಲೇ ಮಲಗಿಬಿಡಲೇ ಅನ್ನಿಸಿತು.

"ಈಗ ಜೋಡಿ ಆಗ್ರಿ," ಅಂದಳು ಫರ್ಹೀನ್. ನಾನು ಹೆಂಗಸರ ಕಡೆ ಸರಿದೆ. "ಆಂಟಿ, ಆ ಕಡಿ ಎಲ್ಲಿ ಹೊಂಟ್ರಿ? ನೀವಿರುವಾಗ ಅಂಕಲ್‌ಗೆ ಬ್ಯಾರೆ ಯಾರ್ ಒದೀಬೇಕ್ರಿ?"

ಎಲ್ಲರೂ ನಕ್ಕರು. ಇವರೂ ನಕ್ಕು, ದಪ್ಪನೆಯ ಪ್ಯಾಡನ್ನು ಎದೆಗೆ ಅವಚಿಕೊಂಡು ನಿಂತರು.

ನಾನು ಕಾಲೆತ್ತಿ ಒದ್ದೆ. ಮೆಲ್ಲಗೇ ಒದ್ದದ್ದು. ಕಾಲು ಪ್ಯಾಡಿಗೆ ತಾಗಿದ್ದೇ ತಡ, ಬಗ್ಗಿ, ಗ್ಲೋವ್ಸ್ ಹಾಕಿದ ಕೈಯಿಂದ ಇವರ ತೋಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಗ್ಲೋವ್ಸಿಗೆ ಯಾರದೋ ಬೆವರಿನ ನಾತ. ಮತ್ತೆ ಒದ್ದೆ, ಮತ್ತೆ ಮುಟ್ಟಿ ಒತ್ತಿಕೊಂಡೆ.

"ಆಂಟಿ, ಅದೇನ್ ಮಾಡಾಕತ್ತೀರಿ?"

"ಕಾಲು ತಾಗ್ತಲ್ಲವಾ."

"ಇರಲಿ ಬಿಡ್ರಿ ಮೇಡಂ," ಅಂದರು ಇವರು. ಮುಖ ಅರಳಿತ್ತು. "ಸಂಸ್ಕಾರ ಅದ."

"ಸಂಸ್ಕಾರ ಹೊರಗಿಡ್ರಿ ಅಂಕಲ್. ಇಲ್ಲಿ ಕೈ ಇಳಿಸಿದ್ರ ಎದುರಿನಾಂವ ಮುಖಕ್ಕ ಹೊಡೀತಾನ. ಆಂಟಿ, ಏನಾದ್ರೂ ಆಗ್ಲಿ, ಕೈ ಇಳಿಸಬ್ಯಾಡ್ರಿ."

ಮುಂದಿನ ಸಲ ಒದ್ದಾಗ ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಹಲ್ಲು ಕಚ್ಚಿ ಹಿಂದೆ ಎಳೆದುಕೊಂಡೆ. ಆಗ ನೋಡಿದರೆ ಇವರು ತೋಳು ಮುಂದೆ ಚಾಚಿಕೊಂಡು ಕಾಯುತ್ತಿದ್ದಾರೆ!

"ಮರತೀ," ಅಂದರು, ಎಲ್ಲರಿಗೂ ಕೇಳುವಂತೆ. ತಮಾಷೆಗೇ ಅಂದದ್ದು. ತೋಳು ಮಾತ್ರ ಹಾಗೇ ಚಾಚಿತ್ತು. ನಾನು ಮುಟ್ಟಿದೆ. ಫರ್ಹೀನ್ ಬೇರೆ ಕಡೆ ನೋಡಿದಳು.

ಆಮೇಲೆ ಇವರ ಸರದಿ. ಪ್ಯಾಡು ನನ್ನ ಕೈಗೆ ಬಂತು. ಅದರ ಭಾರಕ್ಕೇ ನನ್ನ ತೋಳು ಜೋತುಬಿದ್ದವು. ಇವರು ಹೂಂ ಅಂತ ಕಾಲು ಬೀಸಿದರು. ಅದು ಪ್ಯಾಡಿನಿಂದ ಜಾರಿ ನನ್ನ ತೊಡೆಗೆ ಬಡಿಯಿತು. ಕಣ್ಣಲ್ಲಿ ನೀರು ಬಂತು.

"ತಾಗ್ತೇನ್ರಿ ಆಂಟಿ?"

"ಏನ್ ಆಗಿಲ್ಲ. ಆಕಿ ಗಟ್ಟಿ ಅದಾಳ," ಅಂದವರು ಇವರೇ. ಅಂದು, ಮುಖ ಒರೆಸಿಕೊಂಡರು.

ನಾನು ಸ್ವಲ್ಪ ಕಾದೆ. ಯಾಕೆ ಕಾದೆನೋ. ಗಂಡ ಹೆಂಡತಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ, ಅದು ನನಗೂ ಗೊತ್ತು. ಆದರೆ ಪುಸ್ತಕಕ್ಕೆ ಕಾಲು ತಾಗಿದರೆ ಇವರು ಮುಟ್ಟಿ ಒತ್ತಿಕೊಳ್ಳುತ್ತಾರೆ. ಅಂಗಡಿಯ ತಕ್ಕಡಿಗೆ ತಾಗಿದರೂ ಅಷ್ಟೇ. ಸೋಯಾಬೀನ್ ಚೀಲಕ್ಕೂ ಅಷ್ಟೇ. ನನಗೆ ಬಂದದ್ದು ಸಿಟ್ಟೋ, ಬರೀ ದಣಿವೋ ಗೊತ್ತಾಗಲಿಲ್ಲ. ಇಷ್ಟು ವರ್ಷ ಆ ಚೀಲಕ್ಕಿಂತ ಕಡೆಯಾಗಿ ಬದುಕಿದೆನಲ್ಲಾ ಅಂತ ಮಾತ್ರ ಅನ್ನಿಸಿತು.

ಮತ್ತೆ ನನ್ನ ಸರದಿ ಬಂತು. "ಬೆರಳಿಂದ ಅಲ್ರೀ, ಮೊಣಕಾಲ ಕೆಳಗಿನ ಎಲುಬಿಂದ," ಅಂದಳು ಫರ್ಹೀನ್. ಸೊಂಟ ತಿರುಗಿಸಿ ಒದ್ದೆ. ಪ್ಯಾಡು ಧಪ್ ಅಂತು, ಇವರು ಒಂದು ಹೆಜ್ಜೆ ಹಿಂದೆ ಹೋದರು. ಹೋದವರು ತೋಳು ಚಾಚಿದರು. ನನ್ನ ಮುಷ್ಟಿಗಳು ಗಲ್ಲದ ಹತ್ತಿರವೇ ಇದ್ದವು. ಇವರು ಚಾಚಿದ ತೋಳನ್ನು ನೋಡಿ, ನನ್ನ ಮುಖ ನೋಡಿ, ಮೆಲ್ಲಗೆ ಹಿಂದೆ ತಗೊಂಡರು. ನಾನು ಮತ್ತೆ ಒದ್ದೆ. ಫರ್ಹೀನ್ ಸೀಟಿ ಊದುವವರೆಗೂ ಒದೆಯುತ್ತಲೇ ಇದ್ದೆ. ಅಷ್ಟು ಹೊತ್ತು ಯಾರೂ ನನ್ನ ಹೆಸರು ಕರೆಯಲಿಲ್ಲ, ರೊಟ್ಟಿಯ ಚಿಂತೆಯೂ ಬರಲಿಲ್ಲ. ಅದು ಹೊಳೆದದ್ದು ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ.

ದಾರಿಯಲ್ಲಿ ಇವರು ಅಂಗೈ ನೋಡಿಕೊಳ್ಳುತ್ತಾ ಬಂದರು. "ನಾಳಿಂದ ನಾ ಬರಂಗಿಲ್ಲ. ಕೈ ಉರಿಯಾಕತ್ತಾವ."

"ಬರಬ್ಯಾಡ್ರಿ. ನೀವು ಕೋಟೆ ತನಕ ನಡದು ಬರ್ರಿ, ಅದೂ ಆಗತದ. ಕ್ಲಾಸಿಗಿ ನಾ ಹೋಗತೀನಿ."

ಇವರು ರಸ್ತೆಯಲ್ಲೇ ನಿಂತರು. "ನಿನಗೆಲ್ಲಿ ಶುಗರ್ ಅದ?"

"ಇಲ್ರೀ."

"ಮತ್ತ ರೊಟ್ಟಿ?"

ಮನೆಗೆ ಬಂದು, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತೆ. ತೊಡೆ ಬಾತಿತ್ತು. ಇವರು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಿದ್ದರು. ನಾನು ಏಳುವ ಲಕ್ಷಣ ಕಾಣದೆ ಒಳಗೆ ನಡೆದರು. ನಡೆಯುವಾಗ ಇವರ ಕಾಲು ನನ್ನ ಕಾಲಿಗೆ ತಾಗಿತು.

ಅಡುಗೆಮನೆಯ ಹೊಸ್ತಿಲವರೆಗೆ ಹೋದವರು ನಿಂತು ತಿರುಗಿ ನೋಡಿದರು. ಬಗ್ಗಲಿಲ್ಲ, ಮುಟ್ಟಲಿಲ್ಲ.

"ಹಿಟ್ಟಿನ ಡಬ್ಬಿ ಯಾವುದು?" ಅಂದರು ಕಡೆಗೆ.

"ಮ್ಯಾಲಿಂದು," ಅಂದೆ. ಏಳಲಿಲ್ಲ.